ಎಸೆದ ಕಲ್ಲು ಎಲ್ಲಿ ಬೀಳುತ್ತದೆ? ಪ್ರೊಜೆಕ್ಟೈಲ್ ಲೆಕ್ಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೂತ್ರ ಬಾಯಿಗೆ ಬರುತ್ತದೆ, ಲೆಕ್ಕ ಬರುವುದಿಲ್ಲ. ಭೌತಶಾಸ್ತ್ರದಲ್ಲಿ ಈ ಮಾತು ಮೊದಲು ಕೇಳಿಬರುವುದು ಪ್ರೊಜೆಕ್ಟೈಲ್ ಅಧ್ಯಾಯದಲ್ಲೇ. ವಿದ್ಯಾರ್ಥಿಗಳು ಬಾಯಿಬಿಟ್ಟು ಕೇಳಿದ ಪ್ರಶ್ನೆಗಳೂ, ಕೇಳಲು ಸಂಕೋಚಪಟ್ಟು ಉತ್ತರಪತ್ರಿಕೆಯಲ್ಲಿ ತಪ್ಪುಗಳಾಗಿ ಕಾಣಿಸಿಕೊಂಡ ಪ್ರಶ್ನೆಗಳೂ ಇಲ್ಲಿವೆ. ಬೇರೆ ಹೇಳದಿದ್ದರೆ ಗುರುತ್ವ ವೇಗೋತ್ಕರ್ಷ (ಗುರುತ್ವದಿಂದ ಪ್ರತಿ ಸೆಕೆಂಡಿಗೆ ಆಗುವ ವೇಗದ ಬದಲಾವಣೆ), ಅಂದರೆ ‘ಜಿ’, 10 ಮೀ/ಸೆ² ಎಂದು ಹಿಡಿದಿದ್ದೇನೆ. ಗಾಳಿಯ ಪ್ರತಿರೋಧವನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದಕ್ಕೂ ಮುಂದೆ ಒಂದು ಪ್ರಶ್ನೆ ಇದೆ.

ಪ್ರೊಜೆಕ್ಟೈಲ್ ಎಂದು ಯಾವುದನ್ನು ಕರೆಯಬೇಕು?

ಕೈಬಿಟ್ಟ ಮೇಲೆ ಗುರುತ್ವವೊಂದನ್ನು ಬಿಟ್ಟು ಬೇರೆ ಯಾವ ಬಲಕ್ಕೂ ಒಳಗಾಗದೆ ಸಾಗುವ ವಸ್ತುವನ್ನು. ಎಸೆದ ಕಲ್ಲು, ಒದ್ದ ಚೆಂಡು, ಮೇಜಿನಂಚಿನಿಂದ ಜಾರಿದ ಗೋಲಿ ಎಲ್ಲವೂ ಈ ಸಾಲಿಗೆ ಸೇರುತ್ತವೆ. ನೇರ ಮೇಲಕ್ಕೆ ಎಸೆದದ್ದೂ, ಸುಮ್ಮನೆ ಕೈಬಿಟ್ಟದ್ದೂ ಪ್ರೊಜೆಕ್ಟೈಲೇ, ಅವಕ್ಕೆ ಅಡ್ಡ ಚಲನೆ ಇಲ್ಲ ಅಷ್ಟೆ. ಇಂಜಿನ್ ಉರಿಯುತ್ತಿರುವ ರಾಕೆಟ್, ರೆಕ್ಕೆ ಬಡಿಯುವ ಹಕ್ಕಿ, ಗಾಳಿಪಟ ಇವು ಪ್ರೊಜೆಕ್ಟೈಲ್ ಅಲ್ಲ.

ಕಲ್ಲು ಮುಂದಕ್ಕೆ ಹೋಗುತ್ತಿದೆಯಲ್ಲ? ಹಾಗಾದರೆ ಮುಂದಕ್ಕೆ ತಳ್ಳುವ ಒಂದು ಬಲ ಇರಲೇಬೇಕಲ್ಲವೇ?

ಇಲ್ಲ. ಈ ಅಧ್ಯಾಯದ ಅರ್ಧ ತಪ್ಪುಗಳ ಬೇರು ಇದೇ ನಂಬಿಕೆ. ಕೈ ಕಲ್ಲನ್ನು ತಳ್ಳಿದ್ದು ಕೈ ಮತ್ತು ಕಲ್ಲು ತಾಗಿಕೊಂಡಿದ್ದಷ್ಟು ಹೊತ್ತು ಮಾತ್ರ. ಬಿಟ್ಟ ಕ್ಷಣದಿಂದ ಕಲ್ಲಿಗೆ ಕೈಯ ನೆನಪೂ ಇಲ್ಲ, ಹಂಗೂ ಇಲ್ಲ. ಅದರ ಬಳಿ ಉಳಿದಿರುವುದು ವೇಗ, ಬಲವಲ್ಲ. ಸಾಗುತ್ತಿರುವುದು ಸಾಗುತ್ತಲೇ ಇರಲು ಬಲ ಬೇಡ. ವೇಗ ಬದಲಾಗಲು ಬಲ ಬೇಕು. ಹಾರುತ್ತಿರುವ ಕಲ್ಲಿನ ಚಿತ್ರ ಬರೆದು ಬಲದ ಬಾಣ ಹಾಕಿ ಎಂದರೆ ಒಂದೇ ಬಾಣ ಹಾಕಬೇಕು, ಅದು ನೆಟ್ಟಗೆ ಕೆಳಕ್ಕೆ. ಮೇಲೇರುವಾಗಲೂ, ತುದಿಯಲ್ಲೂ, ಇಳಿಯುವಾಗಲೂ ಅದೇ ಬಾಣ, ಅಷ್ಟೇ ಉದ್ದ.

ಲೆಕ್ಕವನ್ನು ಎಲ್ಲಿಂದ ಶುರು ಮಾಡಲಿ?

ಸೂತ್ರದಿಂದಂತೂ ಬೇಡ, ಚಿತ್ರದಿಂದ ಶುರು ಮಾಡಿ. ಎಸೆದ ಜಾಗ, ಬಿದ್ದ ಜಾಗ, ನಡುವೆ ಒಂದು ಬಾಗಿದ ಗೆರೆ. ಯಾವ ದಿಕ್ಕು ಧನ, ಯಾವುದು ಋಣ ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ಆಮೇಲೆ ಹಾಳೆಯ ನಡುವೆ ಮೇಲಿಂದ ಕೆಳಕ್ಕೆ ಒಂದು ಗೀಟು ಎಳೆದು ಎಡಗಡೆ ‘ಅಡ್ಡ’, ಬಲಗಡೆ ‘ಲಂಬ’ ಎಂದು ತಲೆಬರಹ ಹಾಕಿ. ಲೆಕ್ಕದಲ್ಲಿ ಕೊಟ್ಟ ಒಂದೊಂದು ಸಂಖ್ಯೆಯೂ ಯಾವ ಕಡೆಗೆ ಸೇರುತ್ತದೆ ನೋಡಿ ಅಲ್ಲಿ ಬರೆಯಿರಿ. ಎರಡೂ ಕಡೆಗೆ ಸೇರುವ ರಾಶಿ ಒಂದೇ ಒಂದು: ಕಾಲ. ಅದನ್ನು ಗೀಟಿನ ಮೇಲೇ ಬರೆಯಿರಿ.

ನನ್ನ ಪ್ರಕಾರ ಈ ಗೀಟೇ ಇಡೀ ಅಧ್ಯಾಯ. ಹಾರುವ ಕಲ್ಲು ಒಂದೇ ಹೊತ್ತಿಗೆ ಎರಡು ಚಲನೆ ನಡೆಸುತ್ತಿದೆ. ಅಡ್ಡಕ್ಕೆ ಬಲವಿಲ್ಲ, ಆದ್ದರಿಂದ ಅಲ್ಲಿ ಬದಲಾಗದ ವೇಗ. ಲಂಬವಾಗಿ ಗುರುತ್ವ ಇದೆ, ಅಲ್ಲಿ ಬದಲಾಗದ ವೇಗೋತ್ಕರ್ಷ. ಒಂದರ ಗೊಡವೆ ಇನ್ನೊಂದಕ್ಕೆ ಇಲ್ಲ. ಎರಡಕ್ಕೂ ಗಡಿಯಾರ ಮಾತ್ರ ಒಂದೇ.

ಅಡ್ಡದ ಕಡೆಗೆ ಬೇಕಾದ ಸಮೀಕರಣ ಇಷ್ಟೇ:

ಅಡ್ಡ ದೂರ = ಅಡ್ಡ ವೇಗ × ಕಾಲ

ಲಂಬದ ಕಡೆಗೆ, ಮೇಲ್ದಿಕ್ಕನ್ನು ಧನ ಎಂದು ಹಿಡಿದರೆ:

ಲಂಬ ವೇಗ = ಆರಂಭದ ಲಂಬ ವೇಗ − ಜಿ × ಕಾಲ
ಎತ್ತರ = ಆರಂಭದ ಎತ್ತರ + ಆರಂಭದ ಲಂಬ ವೇಗ × ಕಾಲ − ½ × ಜಿ × ಕಾಲ²

ಎರಡು ಚಲನೆ ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುತ್ತವೆ ಎನ್ನುವುದನ್ನು ನಂಬುವುದು ಹೇಗೆ?

ಎರಡು ನಾಣ್ಯ ತೆಗೆದುಕೊಳ್ಳಿ. ಒಂದನ್ನು ಮೇಜಿನಂಚಿನಲ್ಲಿಡಿ, ಇನ್ನೊಂದನ್ನು ಅದೇ ಎತ್ತರದಲ್ಲಿ ಕೈಯಲ್ಲಿ ಹಿಡಿಯಿರಿ. ಮೇಜಿನ ನಾಣ್ಯವನ್ನು ಬೆರಳಿನಿಂದ ಅಡ್ಡಕ್ಕೆ ಚಿಮ್ಮಿ. ಅದು ಅಂಚು ಬಿಡುವ ಕ್ಷಣಕ್ಕೇ ಕೈಯ ನಾಣ್ಯವನ್ನು ಬಿಡಿ. ನೆಲಕ್ಕೆ ತಾಗುವ ಸದ್ದು ಒಂದೇ ಕೇಳುತ್ತದೆ. ಮೊದಲ ಸಲಕ್ಕೆ ಕೈ ಕೂಡಿಬರುವುದಿಲ್ಲ, ನಾಲ್ಕೈದು ಸಲ ಮಾಡಿ. ದೂರ ಹೋಗಬೇಕಾದ ನಾಣ್ಯ ತಡವಾಗಿ ಬೀಳುತ್ತದೆ ಎಂದು ಮನಸ್ಸು ಹಟ ಹಿಡಿಯುತ್ತದೆ, ಕಿವಿ ಬೇರೆಯೇ ಹೇಳುತ್ತದೆ.

ಈ ವಿಂಗಡಣೆಯನ್ನು ಗಣಿತಕ್ಕೆ ಇಳಿಸಿ, ದಾರಿ ಪ್ಯಾರಾಬೋಲ ಎಂದು ಸಾಧಿಸಿ 1638ರಲ್ಲಿ ಪ್ರಕಟಿಸಿದ್ದು ಗೆಲಿಲಿಯೊ. ಸಮತಟ್ಟಾದ ಹಲಗೆಯ ಮೇಲೆ ಉರುಳಿ ಬಂದ ಗುಂಡು ಅಂಚು ದಾಟಿದ ಮೇಲೆ ಏನಾಗುತ್ತದೆ ಎಂಬಲ್ಲಿಂದ ಅವನ ವಾದ ಹೊರಡುತ್ತದೆ. ಅಡ್ಡ ದೂರ ಕಾಲಕ್ಕೆ ತಕ್ಕಂತೆ ಬೆಳೆಯುತ್ತದೆ, ಬಿದ್ದ ಆಳ ಕಾಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾದರೆ ಆಳ, ದೂರದ ವರ್ಗಕ್ಕೆ ತಕ್ಕಂತೆ ಬೆಳೆಯಬೇಕು. ಪ್ಯಾರಾಬೋಲ ಎಂದರೆ ಅದೇ ತಾನೇ?

ಅಡ್ಡಕ್ಕೆ ಎಸೆದ ಲೆಕ್ಕ ಒಂದನ್ನು ಮಾಡಿ ತೋರಿಸುತ್ತೀರಾ?

45 ಮೀಟರ್ ಎತ್ತರದ ಬಂಡೆಯಂಚಿನಿಂದ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಕಲ್ಲನ್ನು ಅಡ್ಡಕ್ಕೆ ಎಸೆಯಲಾಗಿದೆ. ಎಷ್ಟು ದೂರದಲ್ಲಿ ಬೀಳುತ್ತದೆ?

20 ಎಂಬುದು ಪೂರ್ತಿ ಅಡ್ಡದ ಕಡೆಗೆ ಹೋಯಿತು. ಲಂಬದ ಕಡೆ ಆರಂಭದ ವೇಗ ಸೊನ್ನೆ. ದೂರ ಬೇಕು, ಆದರೆ ಕಾಲ ಗೊತ್ತಿಲ್ಲದೆ ದೂರ ಸಿಗದು. ಕಾಲವನ್ನು ಕೊಡುವುದು ಲಂಬದ ಕಡೆ: 45 = ½ × 10 × ಕಾಲ², ಅಂದರೆ ಕಾಲ² = 9, ಕಾಲ = 3 ಸೆಕೆಂಡ್. ಈಗ ಗೀಟು ದಾಟಿ ಬನ್ನಿ: 20 × 3 = 60 ಮೀಟರ್.

ನೆಲ ತಾಗುವಾಗಿನ ವೇಗ ಕೇಳಿದ್ದರೆ? ಅಡ್ಡ ವೇಗ ಆಗಲೂ 20. ಲಂಬ ವೇಗ 10 × 3 = 30, ಕೆಳಮುಖವಾಗಿ. ಎರಡನ್ನೂ ಕೂಡಿ 50 ಎಂದು ಬರೆಯಬೇಡಿ. ಅವು ಒಂದಕ್ಕೊಂದು ಲಂಬಕೋನದಲ್ಲಿವೆ. √(400 + 900) = √1300, ಸುಮಾರು 36 ಮೀ/ಸೆ. ದಿಕ್ಕು, ಟ್ಯಾನ್ ಬೆಲೆ 30/20 = 1.5 ಇರುವ ಕೋನ, ಅಂದರೆ ಅಡ್ಡ ಗೆರೆಯಿಂದ ಕೆಳಕ್ಕೆ ಸುಮಾರು 56 ಡಿಗ್ರಿ.

ನೆಲ ಮುಟ್ಟಿದ ಮೇಲೆ ಕಲ್ಲು ನಿಂತೇಬಿಡುತ್ತದಲ್ಲ? ಕೊನೆಯ ವೇಗ ಸೊನ್ನೆ ಎಂದು ಹಾಕಬಾರದೇ?

ಹಾಕಬಾರದು. ನಮ್ಮ ಸಮೀಕರಣಗಳ ಅಧಿಕಾರ ಗುರುತ್ವ ಒಂದೇ ಇರುವವರೆಗೆ. ನೆಲ ತಾಗಿದೊಡನೆ ನೆಲದ ಬಲ ಬಂತು, ಆಟದ ನಿಯಮ ಬದಲಾಯಿತು. ‘ಕೊನೆಯ ವೇಗ’ ಎಂದರೆ ತಾಗುವುದಕ್ಕೆ ಕೂದಲೆಳೆಯಷ್ಟು ಮೊದಲಿನ ವೇಗ. ಆರಂಭಕ್ಕೂ ಇದೇ ಮಾತು: ಕೈ ಬಿಟ್ಟ ತಕ್ಷಣದ ವೇಗವೇ ಆರಂಭದ ವೇಗ, ಕೈ ಬೀಸುವ ಮೊದಲಿನದಲ್ಲ.

ಕೋನ ಕೊಟ್ಟರೆ ಸೈನ್ ಯಾವುದಕ್ಕೆ, ಕಾಸ್ ಯಾವುದಕ್ಕೆ?

ವೇಗದ ಅಡ್ಡ ಮತ್ತು ಲಂಬ ಪಾಲುಗಳಿಗೆ ಘಟಕ ಎನ್ನುತ್ತಾರೆ. ಕೋನವನ್ನು ಅಡ್ಡ ಗೆರೆಯಿಂದ ಅಳೆದಿದ್ದರೆ ಅಡ್ಡ ಘಟಕ = ವೇಗ × ಕಾಸ್, ಲಂಬ ಘಟಕ = ವೇಗ × ಸೈನ್. ಲಂಬ ಗೆರೆಯಿಂದ ಅಳೆದಿದ್ದರೆ ಅದಲುಬದಲು. ಪರೀಕ್ಷೆಯಲ್ಲಿ ‘ಲಂಬದೊಂದಿಗೆ 30 ಡಿಗ್ರಿ’ ಎಂಬ ಒಂದು ಪದದಲ್ಲೇ ಅಂಕ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ.

ಬಾಯಿಪಾಠದ ಬದಲು ಒಂದು ತಾಳೆ ಇಟ್ಟುಕೊಳ್ಳಿ. ಕೋನ ಸೊನ್ನೆಯಾದರೆ ಯಾವ ಘಟಕ ಪೂರ್ತಿ ಉಳಿಯಬೇಕು? ಸೊನ್ನೆಯ ಕಾಸ್ 1, ಸೊನ್ನೆಯ ಸೈನ್ 0. ಪೂರ್ತಿ ಉಳಿಯುವುದಕ್ಕೆ ಕಾಸ್, ಮಾಯವಾಗುವುದಕ್ಕೆ ಸೈನ್.

ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿದೆಯೇ ಎಂದೂ ನೋಡಿ. 30ರ ಸೈನ್ ಕೇಳಿದಾಗ 0.5 ಬರದೆ −0.988 ಬಂದರೆ ತಪ್ಪು ನಿಮ್ಮ ಭೌತಶಾಸ್ತ್ರದ್ದಲ್ಲ, ಗುಂಡಿಯದ್ದು.

ಈಗ ಓರೆಯಾಗಿ ಎಸೆದ ಲೆಕ್ಕ.

ಸೆಕೆಂಡಿಗೆ 25 ಮೀಟರ್ ವೇಗ, ಕೋನ ಸುಮಾರು 37 ಡಿಗ್ರಿ. ಈ ಕೋನವನ್ನು ಆರಿಸಿದ್ದಕ್ಕೆ ಕಾರಣ ಸೋಮಾರಿತನ: ಅದರ ಸೈನ್ 0.6, ಕಾಸ್ 0.8, ಲೆಕ್ಕ ಚೊಕ್ಕ. ಈ ಎಸೆತವನ್ನು ನೆನಪಿಟ್ಟುಕೊಳ್ಳಿ, ಮುಂದೆಯೂ ಬರುತ್ತಲೇ ಇರುತ್ತದೆ.

ಅಡ್ಡ ಘಟಕ 20, ಲಂಬ ಘಟಕ 15. ತುದಿ ಮುಟ್ಟುವಾಗ ಲಂಬ ವೇಗ ಸೊನ್ನೆ: 15 − 10 × ಕಾಲ = 0, ಅಂದರೆ 1.5 ಸೆಕೆಂಡ್. ಗರಿಷ್ಠ ಎತ್ತರ 15 × 1.5 − 5 × 2.25 = 11.25 ಮೀಟರ್. ಏರಲು ಹಿಡಿದಷ್ಟೇ ಹೊತ್ತು ಇಳಿಯಲು ಹಿಡಿಯುತ್ತದೆ, ಹಾಗಾಗಿ ಒಟ್ಟು ಹಾರಾಟ 3 ಸೆಕೆಂಡ್. ವ್ಯಾಪ್ತಿ, ಅಂದರೆ ಎಸೆದಲ್ಲಿಂದ ಬಿದ್ದಲ್ಲಿಗಿರುವ ಅಡ್ಡ ದೂರ, 20 × 3 = 60 ಮೀಟರ್.

ತುದಿಯಲ್ಲಿ ಕಲ್ಲಿನ ವೇಗ ಸೊನ್ನೆ ತಾನೇ?

ಲಂಬ ವೇಗ ಮಾತ್ರ ಸೊನ್ನೆ. ಮೇಲಿನ ಎಸೆತದಲ್ಲಿ ತುದಿಯಲ್ಲೂ ಕಲ್ಲು ಸೆಕೆಂಡಿಗೆ 20 ಮೀಟರ್‌ನಂತೆ ಅಡ್ಡಕ್ಕೆ ಸಾಗುತ್ತಿದೆ. ಪೂರ್ತಿ ವೇಗ ಸೊನ್ನೆಯಾಗುವುದು ನೇರ ಮೇಲಕ್ಕೆ ಎಸೆದಾಗ ಮಾತ್ರ. ವೇಗೋತ್ಕರ್ಷವಂತೂ ಯಾವ ಎಸೆತದಲ್ಲೂ ತುದಿಯಲ್ಲಿ ಸೊನ್ನೆಯಾಗದು. ಸೊನ್ನೆಯಾಗಿದ್ದರೆ ಏನಾಗುತ್ತಿತ್ತು ಯೋಚಿಸಿ: ನೇರ ಮೇಲೆಸೆದ ಕಲ್ಲು ತುದಿಯಲ್ಲೇ ನೇತಾಡಿಕೊಂಡು ಉಳಿಯುತ್ತಿತ್ತು.

ವ್ಯಾಪ್ತಿಯ ಸೂತ್ರ ಇದ್ದೇ ಇದೆಯಲ್ಲ, ಇಷ್ಟೆಲ್ಲ ಸುತ್ತು ಯಾಕೆ?

ಇದೆ: ವ್ಯಾಪ್ತಿ = ವೇಗ² × ಸೈನ್(2 × ಕೋನ) ÷ ಜಿ. ಆದರೆ ಎಸೆದ ಎತ್ತರ ಮತ್ತು ಬಿದ್ದ ಎತ್ತರ ಒಂದೇ ಆಗಿದ್ದಾಗ ಮಾತ್ರ ಅದು ನಡೆಯುತ್ತದೆ. ಮಾಳಿಗೆಯಿಂದ ಎಸೆದದ್ದಕ್ಕೆ, ದಿಬ್ಬದ ಮೇಲೆ ಬಿದ್ದದ್ದಕ್ಕೆ ಹಾಕಿದರೆ ಸುಳ್ಳು ಉತ್ತರ ಬರುತ್ತದೆ. ಅದೂ ನಿಜದಂತೆಯೇ ಕಾಣುವ ಸುಳ್ಳು, ತೊಂದರೆ ಅಲ್ಲಿಯೇ. ‘ಅರ್ಧ ಹೊತ್ತು ಏರಿಕೆ, ಅರ್ಧ ಹೊತ್ತು ಇಳಿಕೆ’ ಎಂಬುದಕ್ಕೂ ಇದೇ ಷರತ್ತು. ಈ ಸೂತ್ರವನ್ನು ತಾಳೆ ನೋಡಲು ಬಳಸಿ, ಬಿಡಿಸಲು ಬೇಡ.

ಮಾಳಿಗೆಯಿಂದ ಓರೆಯಾಗಿ ಮೇಲಕ್ಕೆ ಎಸೆದರೆ? ವರ್ಗ ಸಮೀಕರಣದಲ್ಲಿ ಒಂದು ಉತ್ತರ ಋಣವಾಗಿ ಬರುತ್ತದಲ್ಲ, ಅದೇನು?

ಅದೇ ಎಸೆತ, ಈ ಸಲ 20 ಮೀಟರ್ ಎತ್ತರದ ಮಾಳಿಗೆಯಿಂದ. ಹೆಚ್ಚಿನವರು ಇದನ್ನು ತುಂಡು ಮಾಡುತ್ತಾರೆ: ಮೊದಲು ತುದಿಯವರೆಗೆ, ಆಮೇಲೆ ತುದಿಯಿಂದ ನೆಲಕ್ಕೆ. ತಪ್ಪೇನಲ್ಲ, ಆದರೆ ಎರಡು ಸಲ ಕಾಲ ಲೆಕ್ಕ ಹಾಕಬೇಕು, ಎರಡು ಸಲ ಎಡವಬಹುದು. ಇಡೀ ಹಾರಾಟಕ್ಕೆ ಒಂದೇ ಸಮೀಕರಣ ಸಾಕು. ನೆಲವನ್ನು ಸೊನ್ನೆ ಎತ್ತರ ಎಂದುಕೊಳ್ಳಿ:

0 = 20 + 15 × ಕಾಲ − 5 × ಕಾಲ²

5ರಿಂದ ಭಾಗಿಸಿ ಹೊಂದಿಸಿದರೆ ಕಾಲ² − 3 × ಕಾಲ − 4 = 0. ಅಪವರ್ತಿಸಿದರೆ (ಕಾಲ − 4)(ಕಾಲ + 1) = 0. ಕಾಲ 4 ಅಥವಾ −1. ಬೇಕಾದ್ದು 4 ಸೆಕೆಂಡ್, ದೂರ 20 × 4 = 80 ಮೀಟರ್.

−1ನ್ನು ಅಡ್ಡಗೀಟು ಹಾಕಿ ಮರೆಯುವ ಮೊದಲು ಒಮ್ಮೆ ಮಾತಾಡಿಸಿ ನೋಡಿ. ಸಮೀಕರಣಕ್ಕೆ ಮಾಳಿಗೆ ಗೊತ್ತಿಲ್ಲ, ನಿಮ್ಮ ಕೈ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಪ್ಯಾರಾಬೋಲ ಮಾತ್ರ. ಆ ಪ್ಯಾರಾಬೋಲವನ್ನು ಹಿಂದಕ್ಕೆ ಎಳೆದರೆ ಅದು ಎಲ್ಲೋ ನೆಲ ಮುಟ್ಟಲೇಬೇಕು. ನೀವು ಎಸೆಯುವುದಕ್ಕೆ 1 ಸೆಕೆಂಡ್ ಮೊದಲು, ಮಾಳಿಗೆಯ 20 ಮೀಟರ್ ಹಿಂದಿನ ಒಂದು ಜಾಗದಿಂದ, ಲಂಬ ವೇಗ 25 ಇರುವಂತೆ ಯಾರಾದರೂ ನೆಲದಿಂದ ಎಸೆದಿದ್ದರೆ, ಆ ಕಲ್ಲು ಸರಿಯಾಗಿ ನಿಮ್ಮ ಕೈಯ ಜಾಗದಲ್ಲಿ, ನಿಮ್ಮದೇ ವೇಗದಲ್ಲಿ ಹಾದುಹೋಗುತ್ತಿತ್ತು. ಗಣಿತ ಸುಳ್ಳು ಹೇಳಲಿಲ್ಲ, ಕೇಳಿದ್ದಕ್ಕಿಂತ ಹೆಚ್ಚು ಹೇಳಿತು.

ಚಿಹ್ನೆಗಳು ಪ್ರತಿ ಸಲ ಗೊಂದಲ. ‘ಜಿ’ ಯಾವಾಗ ಋಣ, ಯಾವಾಗ ಧನ?

ಕಲ್ಲು ಏರುವಾಗ ಋಣ, ಇಳಿಯುವಾಗ ಧನ ಎಂದು ಕೆಲವರು ಕಲಿತಿರುತ್ತಾರೆ, ಮರೆತುಬಿಡಿ. ಚಿಹ್ನೆ ಕಲ್ಲಿನ ದಿಕ್ಕನ್ನು ನೋಡಿ ಬರುವುದಲ್ಲ, ನೀವು ಆರಿಸಿದ ಅಕ್ಷವನ್ನು ನೋಡಿ ಬರುವುದು. ಮೇಲ್ದಿಕ್ಕು ಧನ ಎಂದಿರಾ? ಗುರುತ್ವ ವೇಗೋತ್ಕರ್ಷ ಲೆಕ್ಕ ಮುಗಿಯುವವರೆಗೂ −10. ಕೆಳದಿಕ್ಕು ಧನ ಎಂದಿರಾ? ಮುಗಿಯುವವರೆಗೂ +10. ನಡುವೆ ಪಕ್ಷ ಬದಲಿಸಬಾರದು. ಮೂಲಬಿಂದುವನ್ನು ನೆಲದಲ್ಲಿಟ್ಟರೂ ಸರಿ, ಮಾಳಿಗೆಯಲ್ಲಿಟ್ಟರೂ ಸರಿ. ಮಾಳಿಗೆಯಲ್ಲಿಟ್ಟರೆ ನೆಲದ ಎತ್ತರ −20 ಆಗುತ್ತದೆ ಎಂಬುದು ನೆನಪಿದ್ದರೆ ಸಾಕು.

ಜಿ ಬೆಲೆ 9.8 ಹಾಕಲೇ, 10 ಹಾಕಲೇ?

ಪ್ರಶ್ನೆಪತ್ರಿಕೆ ಹೇಳಿದ್ದನ್ನು. ಹೇಳದಿದ್ದರೆ 9.8. ಒಪ್ಪಿತ ಪ್ರಮಾಣಬೆಲೆ 9.80665 ಮೀ/ಸೆ², 1901ರಲ್ಲಿ ಅಂತರರಾಷ್ಟ್ರೀಯವಾಗಿ ಗೊತ್ತುಮಾಡಿದ್ದು. ನಿಜವಾದ ಬೆಲೆ ಸಮಭಾಜಕದ ಬಳಿ ಸುಮಾರು 9.78, ಧ್ರುವಗಳಲ್ಲಿ 9.83. ಚಂದ್ರನ ಮೇಲೆ 1.62 ಮಾತ್ರ, ಅಂದರೆ ಅದೇ ಎಸೆತ ಅಲ್ಲಿ ಆರು ಪಟ್ಟು ದೂರ ಹೋಗುತ್ತದೆ. 1971ರ ಫೆಬ್ರುವರಿಯಲ್ಲಿ ಅಪೋಲೊ 14ರ ಅಲನ್ ಶೆಪರ್ಡ್ ಅಲ್ಲಿ ಗಾಲ್ಫ್ ಚೆಂಡು ಹೊಡೆದದ್ದು ಈ ಅಧ್ಯಾಯಕ್ಕೆ ಸಿಕ್ಕ ಅತಿ ದುಬಾರಿ ಪ್ರಯೋಗ ಇರಬೇಕು.

ಭಾರದ ಕಲ್ಲು ಬೇಗ ಬೀಳುವುದಿಲ್ಲವೇ? ದ್ರವ್ಯರಾಶಿ ಕೊಟ್ಟಿದ್ದಾರೆ, ಎಲ್ಲಿ ಹಾಕಲಿ?

ಎಲ್ಲೂ ಬೇಡ. ದ್ರವ್ಯರಾಶಿ ಎರಡರಷ್ಟಾದರೆ ಎಳೆತವೂ ಎರಡರಷ್ಟು, ಕದಲಿಸಲು ಬೇಕಾದ ಬಲವೂ ಎರಡರಷ್ಟು. ವೇಗೋತ್ಕರ್ಷ ಅಷ್ಟೇ ಉಳಿಯಿತು. 1971ರಲ್ಲೇ ಅಪೋಲೊ 15ರ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆ ಮತ್ತು ಹಕ್ಕಿಯ ಗರಿಯನ್ನು ಒಟ್ಟಿಗೆ ಬಿಟ್ಟರು, ಎರಡೂ ಒಟ್ಟಿಗೇ ಬಿದ್ದವು. ಪ್ರಶ್ನೆಯಲ್ಲಿ ದ್ರವ್ಯರಾಶಿ ಕೊಟ್ಟಿದ್ದರೆ ಒಂದೋ ಶಕ್ತಿಯ ಬಗ್ಗೆ ಉಪಪ್ರಶ್ನೆ ಇರುತ್ತದೆ, ಇಲ್ಲವೇ ನಿಮ್ಮನ್ನು ಪರೀಕ್ಷಿಸುತ್ತಿದ್ದಾರೆ.

ಗೋಡೆ ದಾಟುತ್ತದೆಯೇ ಎಂದು ಕೇಳಿದರೆ ಹೇಗೆ ಬಿಡಿಸುವುದು?

ಗೋಡೆಯಿರುವ ಜಾಗಕ್ಕೆ ಕಲ್ಲು ಬರುವಾಗ ಗಡಿಯಾರ ಎಷ್ಟು ತೋರಿಸುತ್ತದೆ ಎಂದು ನೋಡಿ, ಆ ಹೊತ್ತಿನ ಎತ್ತರವನ್ನು ಲೆಕ್ಕ ಹಾಕಿ. ನಮ್ಮ 25 ಮೀ/ಸೆ, 37 ಡಿಗ್ರಿಯ ಎಸೆತ ನೆಲದಿಂದ ಹೊರಟಿದೆ, 40 ಮೀಟರ್ ದೂರದಲ್ಲಿ 9 ಮೀಟರ್ ಎತ್ತರದ ಗೋಡೆ ಇದೆ ಎನ್ನಿ. ಕಾಲ 40 ÷ 20 = 2 ಸೆಕೆಂಡ್. ಎತ್ತರ 15 × 2 − 5 × 4 = 10 ಮೀಟರ್. ಒಂದು ಮೀಟರ್ ಅಂತರದಲ್ಲಿ ದಾಟಿತು. ಗರಿಷ್ಠ ಎತ್ತರ 11.25 ಮೀಟರ್, ಗೋಡೆ 9, ಆದ್ದರಿಂದ ದಾಟುತ್ತದೆ ಎಂದು ಬರೆದರೆ ಉತ್ತರ ಸರಿ, ತರ್ಕ ತಪ್ಪು. ಗೋಡೆ 55 ಮೀಟರ್ ದೂರದಲ್ಲಿದ್ದಿದ್ದರೆ ಅದೇ ತರ್ಕ ಕೈಕೊಡುತ್ತಿತ್ತು.

ಕಾಲವನ್ನು ಕೊಟ್ಟೂ ಇಲ್ಲ, ಕೇಳಿಯೂ ಇಲ್ಲ. ಆಗ?

ಎರಡೂ ಕಡೆಯ ಸಮೀಕರಣಗಳಿಂದ ಕಾಲವನ್ನು ಕಳೆದುಬಿಟ್ಟರೆ ದಾರಿಯ ಸಮೀಕರಣ ಸಿಗುತ್ತದೆ:

ಎತ್ತರ = ದೂರ × ಟ್ಯಾನ್(ಕೋನ) − ಜಿ × ದೂರ² ÷ (2 × ವೇಗ² × ಕಾಸ್²(ಕೋನ))

45 ಡಿಗ್ರಿಯಲ್ಲಿ ಎಸೆದ ಚೆಂಡು 30 ಮೀಟರ್ ದೂರದಲ್ಲಿ, 10 ಮೀಟರ್ ಎತ್ತರದಲ್ಲಿರುವ ಬಳೆಯೊಳಗೆ ತೂರಬೇಕು, ವೇಗ ಎಷ್ಟಿರಬೇಕು? ಟ್ಯಾನ್ 1, ಕಾಸ್² ½, ಹಾಗಾಗಿ 10 = 30 − 9000 ÷ ವೇಗ². ವೇಗ² = 450, ವೇಗ ಸುಮಾರು 21.2 ಮೀ/ಸೆ.

45 ಡಿಗ್ರಿಯಲ್ಲೇ ಅತಿ ದೂರ ಹೋಗುತ್ತದೆ ಎನ್ನುತ್ತಾರೆ, ಯಾವಾಗಲೂ ನಿಜವೇ?

ಎಸೆದ ಮಟ್ಟಕ್ಕೇ ಬೀಳುವುದಾದರೆ, ಗಾಳಿ ಇಲ್ಲದಿದ್ದರೆ, ವೇಗ ಕೋನಕ್ಕೆ ತಕ್ಕಂತೆ ಬದಲಾಗದಿದ್ದರೆ, ನಿಜ. ವ್ಯಾಪ್ತಿಯ ಸೂತ್ರದಲ್ಲಿ ಸೈನ್‌ನ ಒಳಗೆ ಕೋನದ ಎರಡರಷ್ಟಿದೆ. ಸೈನ್ ಅತಿ ಹೆಚ್ಚಾಗುವುದು 90 ಡಿಗ್ರಿಗೆ, ಆದ್ದರಿಂದ ಕೋನ 45. ಗಣಿತ ಬೇಡವೆಂದರೆ ಹೀಗೆ ನೋಡಿ: ದೂರ ಹೋಗಲು ಹೆಚ್ಚು ಹೊತ್ತು ಗಾಳಿಯಲ್ಲಿರಬೇಕು, ಅದಕ್ಕೆ ಲಂಬ ವೇಗ ಬೇಕು. ಆ ಹೊತ್ತಿನಲ್ಲಿ ಮುಂದಕ್ಕೂ ಸಾಗಬೇಕು, ಅದಕ್ಕೆ ಅಡ್ಡ ವೇಗ ಬೇಕು. ಇರುವ ವೇಗವನ್ನು ಇಬ್ಬರಿಗೂ ಸರಿಸಮ ಹಂಚಿದಾಗ ಗುಣಲಬ್ಧ ಅತಿ ದೊಡ್ಡದು.

ಗಣಿತಜ್ಞ ಟಾರ್ಟಾಲಿಯ 1537ರಲ್ಲೇ ಫಿರಂಗಿಗೆ 45 ಡಿಗ್ರಿ ಎಂದಿದ್ದ, ದಾರಿ ಪ್ಯಾರಾಬೋಲ ಎಂಬುದು ಗೊತ್ತಾಗುವ ಮೊದಲೇ. 45ರಿಂದ ಸಮನಾಗಿ ಹೆಚ್ಚು ಮತ್ತು ಕಡಿಮೆ ಇರುವ ಕೋನಗಳಿಗೆ ವ್ಯಾಪ್ತಿ ಒಂದೇ ಎಂಬುದನ್ನೂ ಸೇರಿಸಿ ಸಾಧನೆ ಕೊಟ್ಟದ್ದು ಗೆಲಿಲಿಯೊ. ಸೆಕೆಂಡಿಗೆ 20 ಮೀಟರ್‌ನಂತೆ 30 ಡಿಗ್ರಿಯಲ್ಲಿ ಎಸೆಯಿರಿ, 60 ಡಿಗ್ರಿಯಲ್ಲಿ ಎಸೆಯಿರಿ, ಎರಡೂ 34.6 ಮೀಟರ್ ದೂರದಲ್ಲಿ ಬೀಳುತ್ತವೆ. ಮೊದಲನೆಯದು 5 ಮೀಟರ್ ಮಾತ್ರ ಏರಿ 2 ಸೆಕೆಂಡಿನಲ್ಲಿ ಮುಗಿಸುತ್ತದೆ, ಎರಡನೆಯದು 15 ಮೀಟರ್ ಏರಿ ಸುಮಾರು 3.5 ಸೆಕೆಂಡ್ ತೆಗೆದುಕೊಳ್ಳುತ್ತದೆ.

ಷರತ್ತು ಸಡಿಲವಾದರೆ 45 ಉಳಿಯುವುದಿಲ್ಲ. ಗುಂಡು ಎಸೆತದಲ್ಲಿ ಗುಂಡು ಕೈ ಬಿಡುವುದು ಭುಜದೆತ್ತರಕ್ಕಿಂತ ಮೇಲಿಂದ, ಬೀಳುವುದು ನೆಲಕ್ಕೆ. 2 ಮೀಟರ್ ಎತ್ತರದಿಂದ ಸೆಕೆಂಡಿಗೆ 14 ಮೀಟರ್ ವೇಗದಲ್ಲಿ ಎಸೆದರೆ ಅತ್ಯುತ್ತಮ ಕೋನ ಸುಮಾರು 42 ಡಿಗ್ರಿ. ಆಟಗಾರರು ನಿಜಕ್ಕೂ ಎಸೆಯುವುದು ಇದಕ್ಕಿಂತಲೂ ತಗ್ಗಿಸಿ, ಯಾಕೆಂದರೆ ಕೋನ ಕಡಿಮೆಯಾದಷ್ಟೂ ತೋಳು ಗುಂಡಿಗೆ ಹೆಚ್ಚು ವೇಗ ಕೊಡಬಲ್ಲದು.

ಹಾರುವ ವಿಮಾನದಿಂದ ಪೊಟ್ಟಣ ಬಿಟ್ಟರೆ ಆರಂಭದ ವೇಗ ಸೊನ್ನೆಯಲ್ಲವೇ?

ವಿಮಾನದಲ್ಲಿ ಕುಳಿತವನಿಗೆ ಸೊನ್ನೆ, ನೆಲದಲ್ಲಿ ನಿಂತವನಿಗೆ ವಿಮಾನದ್ದೇ ವೇಗ. ಸೆಕೆಂಡಿಗೆ 100 ಮೀಟರ್‌ನಂತೆ 500 ಮೀಟರ್ ಎತ್ತರದಲ್ಲಿ ನೇರ ಹಾರುವ ವಿಮಾನದಿಂದ ಬಿಟ್ಟದ್ದು 10 ಸೆಕೆಂಡಿಗೆ ನೆಲ ಸೇರುತ್ತದೆ, ಅಷ್ಟರಲ್ಲಿ 1000 ಮೀಟರ್ ಮುಂದಕ್ಕೆ ಹೋಗಿರುತ್ತದೆ. ವಿಮಾನವೂ ಅಷ್ಟೇ ಮುಂದಕ್ಕೆ ಹೋಗಿರುವುದರಿಂದ ಪೊಟ್ಟಣ ಬೀಳುವಾಗಲೂ ಅದು ನೆತ್ತಿಯ ಮೇಲೆಯೇ ಇರುತ್ತದೆ.

ಕೊಂಬೆಯ ಹಣ್ಣಿಗೆ ಗುರಿಯಿಟ್ಟು ಹೊಡೆದ ಕ್ಷಣಕ್ಕೇ ಹಣ್ಣು ತೊಟ್ಟು ಕಳಚಿದರೆ ಏಟು ತಪ್ಪುತ್ತದೆಯೇ?

ನೇರ ಹಣ್ಣಿಗೇ ಗುರಿಯಿಟ್ಟಿದ್ದರೆ ತಪ್ಪುವುದಿಲ್ಲ, ತಾಗುತ್ತದೆ! ಹಣ್ಣು ಕದಲದೆ ಕೊಂಬೆಯಲ್ಲೇ ಇದ್ದಿದ್ದರೆ ತಪ್ಪುತ್ತಿತ್ತು. ಗುರುತ್ವವೇ ಇಲ್ಲದಿದ್ದರೆ ಕಲ್ಲು ಗುರಿಯ ನೇರ ಗೆರೆಯಲ್ಲಿ ಹೋಗಿ ಹಣ್ಣನ್ನು ಮುಟ್ಟುತ್ತಿತ್ತು. ಗುರುತ್ವ ಇರುವುದರಿಂದ ಕಲ್ಲು ಆ ಗೆರೆಯಿಂದ ½ × ಜಿ × ಕಾಲ² ಕೆಳಗಿರುತ್ತದೆ. ಹಣ್ಣೂ ಕೊಂಬೆಯಿಂದ ಅಷ್ಟೇ ಕೆಳಗಿರುತ್ತದೆ.

ಹಣ್ಣು 40 ಮೀಟರ್ ದೂರದಲ್ಲಿ, 30 ಮೀಟರ್ ಎತ್ತರದಲ್ಲಿದೆ ಎನ್ನಿ. ಗುರಿಯ ಕೋನ ಮತ್ತೆ ಅದೇ 37 ಡಿಗ್ರಿ, ವೇಗ 25. ಕಲ್ಲು 2 ಸೆಕೆಂಡಿಗೆ 40 ಮೀಟರ್ ದೂರ ಕ್ರಮಿಸಿ 10 ಮೀಟರ್ ಎತ್ತರದಲ್ಲಿದೆ. ಹಣ್ಣು ಅಷ್ಟರಲ್ಲಿ 20 ಮೀಟರ್ ಬಿದ್ದು ಅದೂ 10 ಮೀಟರ್‌ನಲ್ಲಿದೆ. ವೇಗ ಬದಲಿಸಿದರೆ ತಾಗುವ ಜಾಗ ಬದಲಾಗುತ್ತದೆ, ತಾಗುವುದು ತಪ್ಪದು. ವೇಗ ಸುಮಾರು 20.4ಕ್ಕಿಂತ ಕಡಿಮೆಯಾದರೆ ಮಾತ್ರ ಕಲ್ಲು ಬರುವ ಮೊದಲೇ ಹಣ್ಣು ನೆಲ ಕಂಡಿರುತ್ತದೆ.

ಗಾಳಿಯ ಪ್ರತಿರೋಧವನ್ನು ಬಿಟ್ಟರೆ ಇದೆಲ್ಲ ಬರೀ ಕಾಗದದ ಲೆಕ್ಕವಲ್ಲವೇ?

ಯಾವುದನ್ನು ಎಸೆಯುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಕಬ್ಬಿಣದ ಗುಂಡು, ಸಾಧಾರಣ ವೇಗದ ಕಲ್ಲು ಇವಕ್ಕೆ ನಮ್ಮ ಲೆಕ್ಕ ಚೆನ್ನಾಗಿಯೇ ಒಪ್ಪುತ್ತದೆ. ಟೇಬಲ್ ಟೆನಿಸ್ ಚೆಂಡಿಗೆ ಒಪ್ಪುವುದಿಲ್ಲ, ಬ್ಯಾಡ್ಮಿಂಟನ್ ಆಡುವ ಗರಿಯ ಕಾಕ್‌ಗಂತೂ ಇಲ್ಲವೇ ಇಲ್ಲ. ಪ್ರತಿರೋಧ ವೇಗದೊಂದಿಗೆ ಬೆಳೆಯುವುದರಿಂದ ಅಡ್ಡ ಮತ್ತು ಲಂಬ ಚಲನೆಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ, ನಮ್ಮ ಗೀಟು ಅಳಿಸಿಹೋಗುತ್ತದೆ. ದಾರಿ ಪ್ಯಾರಾಬೋಲ ಆಗಿ ಉಳಿಯುವುದಿಲ್ಲ: ಏರುವಾಗ ಓರೆ, ಇಳಿಯುವಾಗ ಕಡಿದು. ಆಗ ಕಾಲವನ್ನು ಚಿಕ್ಕ ಚಿಕ್ಕ ಚೂರು ಮಾಡಿ ಕಂಪ್ಯೂಟರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುತ್ತಾರೆ.

ಇಳಿಜಾರಿನ ಮೇಲೆ ಬೀಳುವ ಲೆಕ್ಕ?

ಅಕ್ಷಗಳನ್ನು ಇಳಿಜಾರಿಗೆ ಹೊಂದುವಂತೆ ಓರೆ ಮಾಡಿದರೆ ಸಲೀಸು. ಆದರೆ ಗುರುತ್ವವನ್ನೂ ಎರಡು ಘಟಕ ಮಾಡಬೇಕು, ಹಾಗಾಗಿ ಎರಡೂ ಕಡೆ ವೇಗೋತ್ಕರ್ಷ ಇರುತ್ತದೆ. ಉಳಿದದ್ದೆಲ್ಲ ಹಿಂದಿನಂತೆಯೇ.

ಉತ್ತರ ಸರಿಯೇ ಎಂದು ಪುಸ್ತಕದ ಹಿಂದಿನ ಪುಟ ನೋಡದೆ ತಿಳಿಯುವುದು ಹೇಗೆ?

ಶಕ್ತಿಯ ದಾರಿಯಿಂದ ಒಮ್ಮೆ ಬನ್ನಿ. ಮಾಳಿಗೆಯ ಲೆಕ್ಕದಲ್ಲಿ ನೆಲ ಮುಟ್ಟುವಾಗ ಅಡ್ಡ ವೇಗ 20, ಲಂಬ ವೇಗ 15 − 40 = −25. ವರ್ಗಗಳ ಮೊತ್ತ 400 + 625 = 1025. ಶಕ್ತಿಯ ಲೆಕ್ಕ ಹೇಳುವುದು: ಕೊನೆಯ ವೇಗ² = ಆರಂಭದ ವೇಗ² + 2 × ಜಿ × ಎತ್ತರ = 625 + 400 = 1025. ಎರಡು ಬೇರೆ ಬಾಗಿಲಿನಿಂದ ಬಂದು ಒಂದೇ ಕೋಣೆ ಸೇರಿದಿರಿ. ಈ ಎರಡನೆಯ ದಾರಿಯಲ್ಲಿ ಕೋನದ ಮಾತೇ ಬರಲಿಲ್ಲ, ಗಮನಿಸಿದಿರಾ? ಒಂದೇ ವೇಗದಲ್ಲಿ ಮಾಳಿಗೆಯಿಂದ ಯಾವ ದಿಕ್ಕಿಗೆ ಎಸೆದರೂ ನೆಲ ಮುಟ್ಟುವ ಜವ (ದಿಕ್ಕನ್ನು ಬಿಟ್ಟ ವೇಗದ ಬೆಲೆ) ಒಂದೇ. ದಿಕ್ಕು, ಕಾಲ, ಜಾಗ ಮಾತ್ರ ಬೇರೆ.

ಸೂತ್ರ ಹಾಕಿ ಬಿಡಿಸಲಾಗದ ಒಂದು ಲೆಕ್ಕ ಕೊಡಿ, ನೋಡೋಣ.

ನೆಲದಿಂದ ಎಸೆದ ಚೆಂಡು 1ನೇ ಸೆಕೆಂಡಿನ ಕೊನೆಗೂ 3ನೇ ಸೆಕೆಂಡಿನ ಕೊನೆಗೂ ಒಂದೇ ಎತ್ತರದಲ್ಲಿತ್ತು. ಆ ಎರಡು ಜಾಗಗಳ ನಡುವಿನ ಅಡ್ಡ ದೂರ 30 ಮೀಟರ್. ಎಸೆದ ವೇಗ ಎಷ್ಟು, ಕೋನ ಎಷ್ಟು? ಮುಂದಿನ ಸಾಲುಗಳನ್ನು ಕೈಯಿಂದ ಮುಚ್ಚಿಕೊಂಡು ಮೊದಲು ನೀವೇ ಮಾಡಿ.

ಒಂದೇ ಎತ್ತರದ ಎರಡು ಕ್ಷಣಗಳ ನಟ್ಟನಡುವೆ ತುದಿ ಇರಬೇಕು, ಅಂದರೆ 2 ಸೆಕೆಂಡಿಗೆ. ಅಲ್ಲಿ ಲಂಬ ವೇಗ ಸೊನ್ನೆಯಾಗಬೇಕಾದರೆ ಆರಂಭದ ಲಂಬ ವೇಗ 20. ಅಡ್ಡಕ್ಕೆ 2 ಸೆಕೆಂಡಿನಲ್ಲಿ 30 ಮೀಟರ್, ಆದ್ದರಿಂದ ಅಡ್ಡ ವೇಗ 15. ಒಟ್ಟು ವೇಗ √(225 + 400) = 25 ಮೀ/ಸೆ, ಕೋನ ಸುಮಾರು 53 ಡಿಗ್ರಿ. ಹಾರಾಟ 4 ಸೆಕೆಂಡ್, ವ್ಯಾಪ್ತಿ 15 × 4 = 60 ಮೀಟರ್. ನಮ್ಮ 37 ಡಿಗ್ರಿಯ ಎಸೆತವೂ ಅದೇ 25 ಮೀ/ಸೆ ವೇಗದಲ್ಲಿ 60 ಮೀಟರ್‌ಗೇ ಬಿದ್ದಿತ್ತು: 37ಕ್ಕೆ 53 ಕೂಡಿದರೆ 90.